ಹಾಡಿಯಲ್ಲಿ ಹುಟ್ಟಿದ ನಾಯಕತ್ವದ ಪಾಠ

ಸರಗೂರು ಎಂದರೆ ಮೈಸೂರು ಸೀಮೆಯವರಿಗೆ ಚಿಕ್ಕದೇವಮ್ಮನ ಬೆಟ್ಟ, ಕಬಿನಿ ಹೊಳೆ, ಹತ್ತಿ ಹೊಲ ನೆನಪಾಗುತ್ತವೆ. ಎಚ್.ಡಿ. ಕೋಟೆಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕು ಕೇಂದ್ರವಾದ ಈ ಊರಿನ ಕಡೆ ನಾಯಕತ್ವ, ನಿರ್ವಹಣೆ ಎಂದು ಪುಸ್ತಕ ಓದುವವರೂ ಒಮ್ಮೆ ತಿರುಗಿ ನೋಡಬೇಕು. ಉದ್ಯಮ ಕಟ್ಟಿದವರ ಜೀವನಚರಿತ್ರೆಗಳಿಗೆ ನಮ್ಮಲ್ಲಿ ಓದುಗರ ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ಒಬ್ಬ ಅಸಾಮಾನ್ಯ ವ್ಯಕ್ತಿಯ ದೂರದೃಷ್ಟಿ, ಛಲ, ಗೆಲುವುಗಳ ಕಥೆಯಾಗಿಯೇ ಉಳಿಯುತ್ತವೆ. ನಾಯಕತ್ವ ಎನ್ನುವುದು ವ್ಯಕ್ತಿಯ ಗುಣವಲ್ಲ, ಅದೊಂದು ಕೆಲಸ. ಸಮಸ್ಯೆ ನಿಜವಾಗಿ ಯಾರದು ಎಂದು ಗುರುತಿಸಿ, ಅದನ್ನು ಬಿಡಿಸುವ ಶಕ್ತಿಯನ್ನು ಅವರ ಕೈಗೇ ಒಪ್ಪಿಸುವ ಕೆಲಸ. ಈ ಮಾತನ್ನು ಒರೆಗೆ ಹಚ್ಚಿ ನೋಡಲು ಸರಗೂರನ್ನು ನೆಲೆಯಾಗಿಸಿಕೊಂಡು ಬೆಳೆದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ಗಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ.

ಸಂಸ್ಥೆ ಹುಟ್ಟಿದ್ದು 1984ರಲ್ಲಿ, ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ವಿವೇಕಾನಂದರ ಮಾತುಗಳಿಂದ ಪ್ರೇರಿತರಾಗಿ ಅದನ್ನು ಕಟ್ಟಿದರು. ಸತ್ಯ, ಅಹಿಂಸೆ, ಸೇವೆ, ತ್ಯಾಗ ಎಂಬ ನಾಲ್ಕು ಮೌಲ್ಯಗಳನ್ನು ಸಂಸ್ಥೆಯ ತಳಹದಿ ಎಂದರು. 1987ರಲ್ಲಿ ಅವರು ಎಚ್.ಡಿ. ಕೋಟೆಯ ಕಾಡಂಚಿನ ಬ್ರಹ್ಮಗಿರಿ ಎಂಬ ಆದಿವಾಸಿ ಹಾಡಿಗೆ ಬಂದರು. ಆ ಹೊತ್ತಿಗೆ ಅಲ್ಲಿನ ಜೇನುಕುರುಬರು, ಕಾಡುಕುರುಬರು, ಯರವರು ಎರಡು ದೊಡ್ಡ ಪೆಟ್ಟು ತಿಂದಿದ್ದರು. 1972ರ ವನ್ಯಜೀವಿ ಕಾಯ್ದೆ, ಅದರ ಬೆನ್ನಿಗೆ ಬಂದ ಹುಲಿ ಯೋಜನೆ ಮತ್ತು ರಾಷ್ಟ್ರೀಯ ಉದ್ಯಾನ ಅವರನ್ನು ಕಾಡಿನಿಂದ ಹೊರಗೆ ಹಾಕಿದ್ದವು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಊರುಗಳನ್ನೂ ಕಾಡನ್ನೂ ಮುಳುಗಿಸಿತ್ತು. ಜೇನು, ಗೆಡ್ಡೆಗೆಣಸು, ಸೊಪ್ಪನ್ನು ಕಾಡಿನಿಂದಲೇ ಪಡೆಯುತ್ತಿದ್ದ ಜನ ಕೂಲಿಯನ್ನೇ ನಂಬಿ ಬದುಕಬೇಕಾಗಿತ್ತು. ಯುವ ವೈದ್ಯರು ಔಷಧಿಯ ಪೆಟ್ಟಿಗೆ ಹಿಡಿದು ಹೋದದ್ದು ಇಂಥ ಜನರ ನಡುವೆ.

ಅಲ್ಲಿ ಅವರಿಗೆ ಎದುರಾದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗರ್ಭಿಣಿಯೊಬ್ಬಳಿಗೆ ರಕ್ತಹೀನತೆ ಇದೆ ಎಂದುಕೊಳ್ಳೋಣ. ವೈದ್ಯರ ಉತ್ತರ ಕಬ್ಬಿಣಾಂಶದ ಮಾತ್ರೆ. ಆದರೆ ಮಾತ್ರೆಗೆ ಮತ್ತೆ ಬರಬೇಕಾದರೆ ಆಕೆ ಒಂದು ದಿನದ ಕೂಲಿ ಬಿಡಬೇಕು, ಕಾಡಂಚಿನಿಂದ ಬಸ್ಸಿರುವ ರಸ್ತೆಯವರೆಗೆ ನಡೆಯಬೇಕು, ಜತೆಗೆ ಒಬ್ಬರನ್ನು ಕರೆದುಕೊಂಡು ಬರಬೇಕು. ಕಾಫಿ ಕೊಯ್ಲಿನ ಕಾಲಕ್ಕೆ ಮನೆಮಂದಿಯೆಲ್ಲ ಕೊಡಗಿನ ತೋಟದ ಲೈನ್ ಮನೆ ಸೇರಿದರೆ ಚಿಕಿತ್ಸೆಯ ಸರಣಿಯೇ ಕಡಿದುಹೋಗುತ್ತದೆ. ಮೊದಲು ಆಕೆಯ ಊಟದಲ್ಲಿದ್ದ ಸೊಪ್ಪು, ಗೆಣಸು ಈಗ ಕಾವಲಿನ ಆಚೆಗಿವೆ. ಅಂದರೆ ರಕ್ತದ ವರದಿಯಲ್ಲಿ ಕಾಣುವ ಅಂಕಿಯ ಹಿಂದೆ ಕೂಲಿ, ರಸ್ತೆ, ಕಾಡು, ಅಕ್ಷರ ಎಲ್ಲವೂ ಇವೆ. ಈ ತಿಳಿವಳಿಕೆ ಸಂಸ್ಥೆಯನ್ನು ಚಿಕಿತ್ಸೆಯಿಂದ ಶಾಲೆಗೆ ಕರೆದೊಯ್ದಿತು. 1988ರಲ್ಲಿ ದನದ ಕೊಟ್ಟಿಗೆಯೊಂದರಲ್ಲಿ ಆದಿವಾಸಿ ಮಕ್ಕಳಿಗಾಗಿ ಶುರುವಾದ ಪಾಠವೇ ಮುಂದೆ ಹೊಸಹಳ್ಳಿಯ ವಿವೇಕ ಗಿರಿಜನ ಕಲಿಕಾ ಕೇಂದ್ರವಾಯಿತು. ಕೆಂಚನಹಳ್ಳಿಯಲ್ಲಿ ಸಣ್ಣ ಆಸ್ಪತ್ರೆ ಬಂತು, ನಂತರ ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ಎದ್ದಿತು. ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಬೆಳೆದದ್ದಕ್ಕಿಂತ, ಒಂದು ಪ್ರಶ್ನೆಯಿಂದ ಇನ್ನೊಂದು ಪ್ರಶ್ನೆಗೆ ಹೋದದ್ದು ಈ ಚರಿತ್ರೆಯಲ್ಲಿ ಮುಖ್ಯವಾದ ಸಂಗತಿ.

ನಾಯಕತ್ವದ ಬಗ್ಗೆ ಗಂಭೀರವಾಗಿ ಯೋಚಿಸಿದವರು ಬೇರೆ ದಾರಿಯಿಂದ ಇಲ್ಲಿಗೇ ಬಂದಿದ್ದಾರೆ. ಹಾರ್ವರ್ಡ್‌ನ ಕೆನಡಿ ಸ್ಕೂಲ್‌ನಲ್ಲಿ ಬಹುಕಾಲ ಪಾಠ ಹೇಳಿದ ರೊನಾಲ್ಡ್ ಹೈಫೆಟ್ಜ್ ಕೂಡ ಮೂಲತಃ ವೈದ್ಯರು. 1994ರ ತಮ್ಮ ಪುಸ್ತಕದಲ್ಲಿ ಅವರು ಸಮಸ್ಯೆಗಳನ್ನು ಎರಡು ಬಗೆ ಮಾಡಿದರು. ಕೆಲವಕ್ಕೆ ಪರಿಣತರ ಬಳಿ ಸಿದ್ಧ ಉತ್ತರವಿರುತ್ತದೆ. ಮುರಿದ ಮೂಳೆಯನ್ನು ವೈದ್ಯ ಕೂಡಿಸುತ್ತಾನೆ. ಇನ್ನು ಕೆಲವಕ್ಕೆ ಸಮಸ್ಯೆ ಹೊತ್ತವರೇ ಬದಲಾಗದ ಹೊರತು ಪರಿಹಾರವಿಲ್ಲ. ಹೃದ್ರೋಗಿಯ ಬದುಕಿನ ಕ್ರಮವನ್ನು ವೈದ್ಯ ಬದಲಿಸಲಾರ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಚಿಕಿತ್ಸೆ ಮಾಡುವುದೇ ಅಧಿಕಾರದಲ್ಲಿರುವವರು ಮಾಡುವ ದೊಡ್ಡ ತಪ್ಪು ಎಂಬುದು ಅವರ ನಿಲುವು. ಅವರಿಗೂ ಮೊದಲು, 1970ರಲ್ಲಿ, ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿಯಲ್ಲಿ ದಶಕಗಳ ಕಾಲ ದುಡಿದ ರಾಬರ್ಟ್ ಗ್ರೀನ್‌ಲೀಫ್ ಸೇವಕನೇ ನಾಯಕ ಎಂಬ ಪ್ರಬಂಧ ಬರೆದಿದ್ದರು. ಹರ್ಮನ್ ಹೆಸ್ಸೆಯ ಕಾದಂಬರಿಯೊಂದರಲ್ಲಿ ಯಾತ್ರಿಕರ ತಂಡದ ಆಳು ಕಾಣೆಯಾದೊಡನೆ ತಂಡವೇ ಚೆದುರುತ್ತದೆ. ಅದನ್ನು ಓದಿದಾಗ ಅವರಿಗೆ ಈ ವಿಚಾರ ಹೊಳೆಯಿತು. ಸೇವೆ ಪಡೆದವರು ಹೆಚ್ಚು ಸ್ವತಂತ್ರರಾದರೇ, ಅವರೂ ಸೇವೆಗೆ ಮುಂದಾದರೇ ಎಂಬುದೇ ಅವರ ಪರೀಕ್ಷೆ. ಬಾಲಸುಬ್ರಹ್ಮಣ್ಯಂ ಅವರು ಅಭಿವೃದ್ಧಿ ಎಂದರೆ ಮನುಷ್ಯರ ಸಾಮರ್ಥ್ಯದ ನಿರಂತರ ವಿಸ್ತರಣೆ ಎಂದು ಹೇಳುತ್ತ ಬಂದಿದ್ದಾರೆ. ಅಮರ್ತ್ಯ ಸೇನ್ ಅವರ ಚಿಂತನೆಯ ಬಳಿ ಇರುವ ಮಾತು ಇದು, ಆದರೆ ಹಾಡಿಯಲ್ಲಿ ವರ್ಷಗಟ್ಟಲೆ ಇದ್ದು ಗಟ್ಟಿಯಾದ ಮಾತು.

ಇದು ದತ್ತಿ ಸಂಸ್ಥೆ, ಉದ್ಯಮವಲ್ಲ. ಇದರಿಂದ ಉದ್ಯಮಿಗಳು ಕಲಿಯುವುದೇನಿದೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಉದ್ಯಮಕ್ಕೆ ಬೆಲೆ ಎಂಬ ಅಳತೆಗೋಲಿದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಬೇಲು ಮುಂದಿಟ್ಟ ರೈತನಿಗೆ ತನ್ನ ವರ್ಷದ ದುಡಿಮೆಯ ಬೆಲೆ ಅಲ್ಲೇ ಗೊತ್ತಾಗುತ್ತದೆ. ದಾನದ ಹಣದಲ್ಲಿ ನಡೆಯುವ ಆಸ್ಪತ್ರೆಗೆ ಅಂಥ ತಕ್ಷಣದ ಉತ್ತರವಿಲ್ಲ, ಕೆಲಸ ಕೆಟ್ಟರೂ ಬಾಗಿಲು ಮುಚ್ಚುವುದಿಲ್ಲ. ಕಂಪನಿಗಳ ಗುರು ಎನಿಸಿದ ಪೀಟರ್ ಡ್ರಕರ್ 1990ರಲ್ಲಿ ಲಾಭವಿಲ್ಲದ ಸಂಸ್ಥೆಗಳ ನಿರ್ವಹಣೆಯ ಮೇಲೆಯೇ ಪುಸ್ತಕ ಬರೆದು ಇದಕ್ಕೆ ಉತ್ತರ ಕೊಟ್ಟರು: ಲಾಭದ ಅಂಕಿ ಇಲ್ಲದಿರುವುದರಿಂದಲೇ ಇಂಥ ಸಂಸ್ಥೆ ತನ್ನ ಉದ್ದೇಶವನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿಕೊಳ್ಳಬೇಕು, ಅದು ತಯಾರಿಸುವುದು ಬದಲಾದ ಮನುಷ್ಯನನ್ನು. ಬಡವರನ್ನು ಗ್ರಾಹಕರೆಂದು ಗೌರವಿಸಿ ಎಂದು 2004ರಲ್ಲಿ ಸಿ.ಕೆ. ಪ್ರಹ್ಲಾದ್ ಹೇಳಿದಾಗ ಅದು ದೊಡ್ಡ ಕಂಪನಿಗಳ ಕಣ್ಣು ತೆರೆಸಿದ್ದು ನಿಜ. ಆದರೆ ಕಾಡನ್ನು ಕಳೆದುಕೊಂಡ ಜೇನುಕುರುಬನ ಮುಂದೆ ಒಂದು ರೂಪಾಯಿಯ ಶಾಂಪೂ ಪೊಟ್ಟಣ ಇಟ್ಟರೆ ಅವನು ಗ್ರಾಹಕನಾದಾನು, ಅವನ ಸಾಮರ್ಥ್ಯ ಹೆಚ್ಚಿತೆಂದು ಹೇಳಲಾಗದು. ಉದ್ಯಮ ಮತ್ತು ಸೇವೆಯ ನಡುವೆ ನಾವು ಎಳೆಯುವ ಗೆರೆ ಅಷ್ಟು ಹಳೆಯದೂ ಅಲ್ಲ. 1893ರಲ್ಲಿ ಜಪಾನಿನಿಂದ ಕೆನಡಾಕ್ಕೆ ಹೋಗುವ ಹಡಗಿನಲ್ಲಿ ಜೆಮ್ಶೆಟ್‌ಜಿ ಟಾಟಾ ಮತ್ತು ವಿವೇಕಾನಂದರು ಜತೆಯಾಗಿದ್ದರು. ಐದು ವರ್ಷಗಳ ನಂತರ ಟಾಟಾ ತಾವು ಕಟ್ಟಲಿದ್ದ ವಿಜ್ಞಾನ ಸಂಸ್ಥೆಯ ವಿಷಯವಾಗಿ ಸ್ವಾಮಿಗಳಿಗೆ ಪತ್ರ ಬರೆದರು. ಮೈಸೂರು ಸಂಸ್ಥಾನ ಕೊಟ್ಟ ಜಮೀನಿನಲ್ಲಿ 1909ರಲ್ಲಿ ಬೆಂಗಳೂರಿನ ಸಂಸ್ಥೆ ಬಂತು. ಇಂದು ಇದೇ ಯೂತ್ ಮೂವ್‌ಮೆಂಟ್ ಮೈಸೂರಿನಲ್ಲಿ ವಿ-ಲೀಡ್ ಎಂಬ ನಾಯಕತ್ವ ತರಬೇತಿ ಸಂಸ್ಥೆ ನಡೆಸುತ್ತಿರುವುದರಲ್ಲಿ ಆಶ್ಚರ್ಯವಿಲ್ಲ.

ಸರ್ಕಾರ ಮಾಡಬೇಕಾದ್ದನ್ನು ಸಂಘಸಂಸ್ಥೆ ಮಾಡಿದರೆ ಸರ್ಕಾರ ಕೈ ತೊಳೆದುಕೊಳ್ಳುತ್ತದೆ ಎಂಬ ಮಾತಿಗೆ ಹೆಚ್ಚು ತೂಕವಿದೆ. ಆಸ್ಪತ್ರೆ, ಶಾಲೆಗಳಲ್ಲೇ ನಿಂತಿದ್ದರೆ ಈ ಸಂಸ್ಥೆಗೂ ಅದು ಅಂಟುತ್ತಿತ್ತು. ಅದು ಅಲ್ಲಿಗೆ ನಿಲ್ಲಲಿಲ್ಲ. ಮಾಹಿತಿ ಹಕ್ಕಿನ ಅರಿವು, ಮತದಾರರ ಜಾಗೃತಿ ಎಂದು ಹಳ್ಳಿಗಳಲ್ಲಿ ಓಡಾಡಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಲೋಕಾಯುಕ್ತರಾಗಿದ್ದ ಕಾಲದಲ್ಲಿ ಬಾಲಸುಬ್ರಹ್ಮಣ್ಯಂ ಪಡಿತರ ವ್ಯವಸ್ಥೆಯ ಭ್ರಷ್ಟಾಚಾರದ ತನಿಖೆಯ ಹೊಣೆ ಹೊತ್ತರು. ಬೋಗಸ್ ಕಾರ್ಡು, ತೂಕದಲ್ಲಿ ಕಡಿತ, ದಾರಿಯಲ್ಲೇ ಮಾಯವಾಗುವ ಚೀಲ: ಹಾಡಿಯ ಹೆಂಗಸಿನ ರಕ್ತಹೀನತೆಗೂ ನ್ಯಾಯಬೆಲೆ ಅಂಗಡಿಯ ತಕ್ಕಡಿಗೂ ನೇರ ಸಂಬಂಧವಿದೆ. ಮಾತ್ರೆ ಕೊಟ್ಟ ವೈದ್ಯನೇ ತಕ್ಕಡಿಯನ್ನೂ ಪರೀಕ್ಷಿಸಿದರೆ ಅವನು ಸರ್ಕಾರದ ಹೊರೆ ಇಳಿಸುತ್ತಿಲ್ಲ, ಅದರ ಹೊಣೆಯನ್ನು ನೆನಪಿಸುತ್ತಿದ್ದಾನೆ. ಬಾಲಸುಬ್ರಹ್ಮಣ್ಯಂ ಅವರ ಇಂಗ್ಲಿಷ್ ಪುಸ್ತಕ ‘ಐ, ದ ಸಿಟಿಜನ್’ ತನ್ನ ಹೆಸರಿನಲ್ಲೇ ಫಲಾನುಭವಿಯನ್ನು ಪಕ್ಕಕ್ಕಿಟ್ಟು ಪ್ರಜೆಯನ್ನು ಮುಂದೆ ನಿಲ್ಲಿಸುತ್ತದೆ.

ಸ್ಥಾಪಕರು ಪಕ್ಕಕ್ಕೆ ಸರಿದಾಗ ಏನಾಗುತ್ತದೆ ಎಂಬುದು ಎಲ್ಲ ನಾಯಕರಿಗೂ ಬರುವ ಕಠಿಣ ಪರೀಕ್ಷೆ. ಮೈಸೂರಿನಲ್ಲೇ ಎಂಜಿನಿಯರಿಂಗ್ ಓದಿದ ನಾರಾಯಣಮೂರ್ತಿ ಅವರು 1981ರಲ್ಲಿ ಗೆಳೆಯರೊಂದಿಗೆ ಕಟ್ಟಿದ ಇನ್ಫೋಸಿಸ್‌ನಂಥ ಶಿಸ್ತಿನ ಕಂಪನಿಗೂ ಇದು ಸುಲಭವಾಗಲಿಲ್ಲ. 2011ರಲ್ಲಿ ನಿವೃತ್ತರಾದ ಅವರು 2013ರಲ್ಲಿ ಮರಳಿ ಬರಬೇಕಾಯಿತು. 2017ರಲ್ಲಿ ವಿಶಾಲ್ ಸಿಕ್ಕಾ ಹೊರನಡೆದಾಗ ಇನ್ನೊಬ್ಬ ಸ್ಥಾಪಕ ನಂದನ್ ನಿಲೇಕಣಿ ಹಿಂತಿರುಗಿದರು. ಅಷ್ಟು ಅನುಭವಿಗಳಿಗೇ ಇಷ್ಟು ಕಷ್ಟವಾದದ್ದು ಈ ಕೆಲಸ ಎಷ್ಟು ದೊಡ್ಡದೆಂದು ತೋರಿಸುತ್ತದೆ. ಸರಗೂರಿನ ವಿಷಯಕ್ಕೆ ಬಂದರೆ, ಬಾಲಸುಬ್ರಹ್ಮಣ್ಯಂ ಸಾರ್ವಜನಿಕ ಆಡಳಿತ ಓದಲು ಹಾರ್ವರ್ಡ್‌ಗೆ ಹೋದರು, ಮೈಸೂರಿನಲ್ಲಿ ಗ್ರಾಮ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದರು, 2021ರಲ್ಲಿ ಕೇಂದ್ರ ಸರ್ಕಾರದ ಸಾಮರ್ಥ್ಯ ವೃದ್ಧಿ ಆಯೋಗದ ಸದಸ್ಯರಾಗಿ ದೆಹಲಿಗೆ ಹೋದರು. ಅತ್ತ ಆಸ್ಪತ್ರೆಯೂ ಶಾಲೆಯೂ ನಡೆಯುತ್ತಲೇ ಇದ್ದವು. ಮೊದಲಿನಿಂದ ಜತೆಗಿದ್ದ ಡಾ. ಎಂ.ಎ. ಬಾಲಸುಬ್ರಹ್ಮಣ್ಯ ಅವರಂಥವರು ಹೊಣೆ ಹೊತ್ತರು. ಪುಸ್ತಕದ ಮುಖಪುಟದಲ್ಲಿ ಇಂಥ ಎರಡನೆಯ ಸಾಲಿನವರ ಹೆಸರು ಬರುವುದು ಅಪರೂಪ. ಸಂಸ್ಥೆ ನಿಲ್ಲುವುದು ಮಾತ್ರ ಇಂಥವರಿಂದ. ಎರಡು ಪ್ರಕರಣಗಳ ಗಾತ್ರಕ್ಕೆ ಹೋಲಿಕೆಯೇ ಇಲ್ಲ ಎಂಬುದನ್ನು ಒಪ್ಪಲೇಬೇಕು. ಷೇರುದಾರರ ಒತ್ತಡ ಸರಗೂರಿಗಿಲ್ಲ. ಆದರೂ ಹೆಚ್ಚು ಸಂಬಳ ಕೊಡಲಾಗದ ಕಡೆ ವೈದ್ಯರನ್ನು, ಶಿಕ್ಷಕರನ್ನು ಕಾಡಂಚಿನಲ್ಲಿ ಉಳಿಸಿಕೊಳ್ಳುವುದು ಷೇರುದಾರರನ್ನು ಉಳಿಸಿಕೊಳ್ಳುವುದಕ್ಕಿಂತ ಸುಲಭವೇನಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕಾಡಿನ ಒಳಗಿನಿಂದಲೇ ಬರುತ್ತದೆ. ಆದಿವಾಸಿಗಳಿಗೆ ಬೇಕಾದದ್ದು ಸೇವೆಯಲ್ಲ, ಕಳೆದುಕೊಂಡ ನೆಲದ ಹಕ್ಕು ಎನ್ನುವವರಿದ್ದಾರೆ. ಅವರ ಬಳಿಯೂ ಸಾಕ್ಷ್ಯವಿದೆ. 1996ರಲ್ಲಿ ನಾಗರಹೊಳೆಯೊಳಗೆ ತಾಜ್ ಸಮೂಹದ ಹೋಟೆಲ್ ಏಳುತ್ತಿದ್ದಾಗ ಹಾಡಿಯ ಜನರೇ ಸಂಘಟಿತರಾಗಿ ತಡೆದರು, 1997ರ ಜನವರಿಯಲ್ಲಿ ಹೈಕೋರ್ಟ್ ಆ ಹೋಟೆಲ್ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿ ಹೊರಗಿನ ವೈದ್ಯರಾಗಲಿ ನಿರ್ವಹಣಾ ತಜ್ಞರಾಗಲಿ ಮುಂದೆ ನಿಲ್ಲಬೇಕಾಗಲಿಲ್ಲ. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ನಾಗರಹೊಳೆಯಿಂದ 3,418 ಕುಟುಂಬಗಳು ಒಕ್ಕಲೆದ್ದಿವೆ ಎಂದು ಗುರುತಿಸಿ ವರದಿ ಕೊಟ್ಟಿದೆ. ಇದರ ಮುಂದೆ ಆಸ್ಪತ್ರೆಯ ಹಾಸಿಗೆಗಳ ಲೆಕ್ಕ ಚಿಕ್ಕದಾಗಿ ಕಾಣುವುದು ಸಹಜ. ಆದರೆ ಇವೆರಡನ್ನು ಎದುರುಬದುರು ನಿಲ್ಲಿಸಿದರೆ ನಷ್ಟ ಹಾಡಿಗೇ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಹಕ್ಕಿನ ಅರ್ಜಿ ಮೊದಲು ಗ್ರಾಮಸಭೆಯಲ್ಲಿ ತೀರ್ಮಾನವಾಗಬೇಕು. ಅದನ್ನು ಒಪ್ಪದವರು 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲೂ ಸೋತರೆ ಮತ್ತೆ 60 ದಿನಗಳೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ದಿನಾಂಕ ನೋಡಬೇಕು, ಸಾಕ್ಷ್ಯ ಜೋಡಿಸಬೇಕು, ಕಚೇರಿಯ ಕನ್ನಡದಲ್ಲಿ ಬರೆದ ಆದೇಶವನ್ನು ಓದಿ ಅದರ ಯಾವ ಸಾಲು ತಪ್ಪೆಂದು ಹೇಳಬೇಕು. ಕೊಡಗಿನ ಲೈನ್ ಮನೆಗೆ ಹೋಗದೆ ಹೊಸಹಳ್ಳಿಯ ತರಗತಿಯಲ್ಲಿ ಕೂತು ಓದಿದ ಹುಡುಗಿ ತನ್ನ ತಾತನ ಅರ್ಜಿಗೆ ಆ ಮೇಲ್ಮನವಿಯನ್ನು ತಾನೇ ಬರೆಯಬಲ್ಲಳು.