ಬೈಬಲ್ ಓದೋಕೆ ಪಂಡಿತರೇ ಬೇಕಾ?

ವಿಲಿಯಂ ಮಿಲ್ಲರ್. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಬ್ಬ ರೈತ. ಕೈಯಲ್ಲಿ ಬೈಬಲ್, ಜೊತೆಗೊಂದು ಪದಸೂಚಿ, ಅಷ್ಟೇ. ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷ ಅಂತ ಹಿಡಿದು, ಕ್ರಿ.ಪೂ. 457ರಿಂದ ಎಣಿಸಿದ: 1843ರ ಹೊತ್ತಿಗೆ ಯೇಸು ಮರಳಿ ಬರ್ತಾರೆ! ಸಾವಿರಾರು ಜನ ನಂಬಿದರು. ಆ ಗಡುವು ದಾಟಿದ ಮೇಲೆ ಅನುಯಾಯಿಗಳು ಗೊತ್ತುಮಾಡಿದ ದಿನ, 1844ರ ಅಕ್ಟೋಬರ್ 22. ಕೆಲವರು ಬೆಳೆಯನ್ನೂ ಕೊಯ್ಯದೆ ಕಾದರು. ಬೆಳಗಾಯ್ತು. ಏನೂ ಆಗಲಿಲ್ಲ.

ಹಾಗಾದ್ರೆ ಪಂಡಿತರಿಗೇ ಬಿಟ್ಟುಬಿಡೋಣ ಅಂತೀರಾ? ತಡೀರಿ. 1529ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಕ್ರೈಸ್ತ ಧರ್ಮಸುಧಾರಕರಾದ ಲೂಥರ್, ಜ್ವಿಂಗ್ಲಿ ಎದುರುಬದುರು ಕೂತರು. ಇಬ್ಬರೂ ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್ ಬಲ್ಲವರೇ. 14 ಅಂಶಗಳಿಗೆ ಒಪ್ಪಿದವರು ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿ ಇದೆಯೇ ಅನ್ನೋ ಮಾತು ಬಂದಾಗ ಒಪ್ಪಲೇ ಇಲ್ಲ.

ಇನ್ನು ಮಿಲ್ಲರ್ ಲೆಕ್ಕ? ಆ ದಿನ ತಂದೆಗಲ್ಲದೆ ಯಾರಿಗೂ ತಿಳಿಯದು ಅಂತ ಮತ್ತಾಯನ 24ನೇ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾರೆ. ಅದನ್ನು ಓದೋಕೆ ಗ್ರೀಕ್ ಬೇಕಿರಲಿಲ್ಲ.