ಹಳದಿ ದೀಪದ ಹಿಂದಿನ ಕಿಲುಬು

ಕೀಲಿ ತಿರುಗಿಸಿದಾಗ ಎಬಿಎಸ್‌ನ ಹಳದಿ ದೀಪ ಹತ್ತುತ್ತಿತ್ತು, ಆರುತ್ತಿತ್ತು. ಸರಿಯಾಗಿದೆ ಎಂದು ಹೊರಟರೆ ವೇಗ 20 ಕಿ.ಮೀ. ಮುಟ್ಟುವಷ್ಟರಲ್ಲಿ ಮತ್ತೆ ಹತ್ತಿಕೊಳ್ಳುತ್ತಿತ್ತು. ಮೊದಲು ಹೋದ ಕಡೆ ಸ್ಕ್ಯಾನರ್ ಹಾಕಿ ನೋಡಿ, ಇಡೀ ಯೂನಿಟ್ ಬದಲಿಸಬೇಕು ಎಂದರು. ಹತ್ತಾರು ಸಾವಿರದ ಮಾತು. ಕೊನೆಗೆ ಉಡುಪಿ ಹತ್ತಿರ ಹೆದ್ದಾರಿ ಬದಿಯ ಸಣ್ಣ ಅಂಗಡಿಯೊಂದಕ್ಕೆ ಕಾರು ಒಯ್ದೆ. ಆಟೋ ಎಲೆಕ್ಟ್ರಿಷಿಯನ್ನರ ಕಸುಬು ಎಷ್ಟು ಸೂಕ್ಷ್ಮದ್ದೆಂದು ನನಗೆ ತಿಳಿದದ್ದು ಅಲ್ಲಿ.

ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಕಾರು ಜಾರದಂತೆ ನೋಡಿಕೊಳ್ಳುವುದು ಎಬಿಎಸ್. ಬಾಷ್ ತಯಾರಿಸಿದ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರಿಗೆ ಬಂತು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಯಾವ ಚಕ್ರ ನಿಂತುಬಿಡುವುದರಲ್ಲಿದೆಯೋ ಅದರ ಬ್ರೇಕಿನ ಒತ್ತಡವನ್ನು ಎಬಿಎಸ್ ಸೆಕೆಂಡಿಗೆ ಹಲವು ಸಲ ಬಿಟ್ಟು ಬಿಟ್ಟು ಹಿಡಿಯುತ್ತದೆ. ಆಗ ಪೆಡಲ್ ಪಾದದಡಿ ನಡುಗುತ್ತದೆ.

ಈ ಕೆಲಸಕ್ಕೆ ಕರೆಂಟು ಧಾರಾಳವಾಗಿ ಬೇಕು. ಸಾಮಾನ್ಯವಾಗಿ ಬ್ಯಾಟರಿ ಕಡೆಯಿಂದ ಎರಡು ದಪ್ಪ ವೈರು ಬರುತ್ತವೆ: ಒಂದು ಯೂನಿಟ್ಟಿನೊಳಗಿನ ಪಂಪಿನ ಮೋಟರಿಗೆ, ಇನ್ನೊಂದು ವಾಲ್ವುಗಳಿಗೆ. ಎರಡಕ್ಕೂ ಬೇರೆ ಬೇರೆ ಫ್ಯೂಸ್. ಇಗ್ನಿಷನ್ನಿನ ಸಣ್ಣ ವೈರು ಇನ್ನೊಂದು. ಬಂದ ಕರೆಂಟೆಲ್ಲ ಅರ್ತ್ ವೈರಿನಲ್ಲಿ ವಾಪಸು ಹೋಗಬೇಕು. ಆ ಅರ್ತ್ ಕಾರಿನ ಬಾಡಿಗೆ ಬೋಲ್ಟ್ ಆಗಿರುವ ಜಾಗವನ್ನೇ ಕರಾವಳಿಯ ಉಪ್ಪುಗಾಳಿ, ಮಳೆನೀರು ಹುಡುಕಿ ತಿನ್ನುತ್ತವೆ.

ಅಂಗಡಿಯವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಲೈಟು ಹತ್ತುವುದು ಯಾವಾಗ?’ ಇಪ್ಪತ್ತರ ವೇಗದಲ್ಲಿ ಎಂದಾಗ ತಲೆಯಾಡಿಸಿದರು. ಹೊರಟ ಸ್ವಲ್ಪ ದೂರದಲ್ಲಿ ಯೂನಿಟ್ ತನ್ನ ಪಂಪನ್ನು ಒಂದು ಕ್ಷಣ ಓಡಿಸಿ ಪರೀಕ್ಷೆ ಮಾಡಿಕೊಳ್ಳುತ್ತದಂತೆ. ಮೋಟರು ಹತ್ತಾರು ಆಂಪಿಯರ್ ಎಳೆಯುವುದು ಆಗಲೇ. ದಾರಿಯಲ್ಲಿ ಎಲ್ಲಾದರೂ ತಡೆಯಿದ್ದರೆ ವೋಲ್ಟೇಜ್ ಕುಸಿಯುತ್ತದೆ. ಯೂನಿಟ್ ಕೆಲಸ ನಿಲ್ಲಿಸಿ ದೀಪ ಹಚ್ಚುತ್ತದೆ.

ಬ್ಯಾಟರಿ ನೋಡಿದರು: 12.6 ವೋಲ್ಟ್. ಎಂಜಿನ್ ಚಾಲೂ ಮಾಡಿದಾಗ 14. ಅಲ್ಲಿ ತೊಂದರೆಯಿಲ್ಲ. ಇಗ್ನಿಷನ್ ಆಫ್ ಮಾಡಿ ಯೂನಿಟ್ಟಿನ ಕನೆಕ್ಟರ್ ಬಿಚ್ಚಿ, ದಪ್ಪ ವೈರಿಗೂ ಅರ್ತಿಗೂ ಮಲ್ಟಿಮೀಟರ್ ಹಿಡಿದರೆ 12.4. ಇದೂ ಸರಿಯಿದೆಯಲ್ಲ ಎಂದೆ.

‘ವೋಲ್ಟ್ ಉಂಟು ಮಾರಾಯ್ರೆ, ದಮ್ಮಿಲ್ಲ’ ಎಂದರು.

ಮಲ್ಟಿಮೀಟರ್ ತನ್ನೊಳಗೆ ಹರಿಯಲು ಬಿಡುವ ಕರೆಂಟು ತೀರಾ ಅಲ್ಪ. ನೂಲಿನಂಥ ಒಂದೇ ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಯೂನಿಟ್ಟುಗಳು ಸುಮ್ಮಸುಮ್ಮನೆ ಬದಲಾಗುವುದಕ್ಕೆ ಈ ಅಂಕಿ ದೊಡ್ಡ ಕಾರಣ ಎಂದೇ ನನಗೀಗ ಅನ್ನಿಸುತ್ತದೆ. ಅವರು ಹಳೆಯ ಹೆಡ್‌ಲೈಟಿನ 55 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದು ಇಟ್ಟುಕೊಂಡಿದ್ದರು. ಅದನ್ನು ಅದೇ ಎರಡು ಪಿನ್ನುಗಳಿಗೆ ಕೊಟ್ಟರು. ಬಲ್ಬು ಮಂಕಾಗಿ ಉರಿಯಿತು, ಮೀಟರ್ 10.1ಕ್ಕೆ ಇಳಿಯಿತು. ಪಿನ್ನಿನ ಬಾಯಿ ಅಗಲವಾಗದಂತೆ ಅವರು ಬಳಸಿದ್ದು ಸಪೂರ ತುದಿಯ ವೈರು. ದಪ್ಪ ಮೊನೆ ತುರುಕಿದರೆ ಹೊಸದೊಂದು ಲೂಸ್ ಕನೆಕ್ಷನ್ ಮಾಡಿಟ್ಟಂತೆ.

ಕಳೆದುಹೋದ ಎರಡು ಚಿಲ್ಲರೆ ವೋಲ್ಟ್ ಎಲ್ಲಿ? ಬಲ್ಬು ಉರಿಯುತ್ತಿರುವಾಗಲೇ ಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಅರ್ತ್ ಪಿನ್ನಿಗೆ. ಚೆನ್ನಾಗಿರುವ ಅರ್ತಿನಲ್ಲಿ ಅದು ಹೆಚ್ಚುಕಮ್ಮಿ ಸೊನ್ನೆ ತೋರಿಸಬೇಕು, 0.2 ದಾಟಬಾರದು. ತೋರಿಸಿದ್ದು 2.1. ಬೆರಳಲ್ಲಿ ವೈರು ಸವರುತ್ತಾ ಹೋಗಿ ಬ್ಯಾಟರಿ ತಟ್ಟೆಯ ಕೆಳಗೆ ಬೋಲ್ಟೊಂದನ್ನು ಬಿಚ್ಚಿದರು. ತಾಮ್ರದ ಬಳೆಯ ತುಂಬ ಹಸಿರು ಕಿಲುಬು, ಅದರಡಿಯ ತಗಡಿಗೆ ತುಕ್ಕು.

ಕಿಲುಬು ತಿಂದ ತುದಿ ಕತ್ತರಿಸಿ ಹೊಸ ಬಳೆ ಒತ್ತಿ ಕೂರಿಸಿದರು. ತಗಡನ್ನು ಹೊಳೆಯುವ ತನಕ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಬಳಿದರು. ಬಲ್ಬು ಮತ್ತೆ ಹಚ್ಚಿದಾಗ ಅಂಗಡಿಯ ಗೋಡೆ ಬೆಳಗಿತು. ಹಳದಿ ದೀಪವೊಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ನಿಧಾನವಾಗಿ ಓಡಿಸಿಕೊಂಡು ಬನ್ನಿ; ಜೊತೆಗೆ ಬ್ರೇಕಿನ ಕೆಂಪು ದೀಪವೂ ಹತ್ತಿದರೆ ಕಾರು ಅಲ್ಲೇ ನಿಲ್ಲಿಸಿ ಎಂದು ಎರಡೆರಡು ಸಲ ಹೇಳಿದರು.

ಸ್ಕ್ಯಾನರಿನಲ್ಲಿ ಹಳೆಯ ಕೋಡ್ ಅಳಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಇಪ್ಪತ್ತರ ಹತ್ತಿರ ಬಾನೆಟ್ಟಿನೊಳಗೆ ಕ್ಷಣಮಾತ್ರ ‘ಗರ್’ ಎಂದಿತು. ದೀಪ ಹತ್ತಲಿಲ್ಲ. ಮುಂದೆ ಖಾಲಿ ಮೈದಾನದ ಒದ್ದೆ ಮಣ್ಣಿನಲ್ಲಿ ಕಾರು ನನ್ನ ಕೈಗೆ ಕೊಟ್ಟು, ‘ಈಗ ಒತ್ತಿ’ ಎಂದರು. ಒತ್ತಿದೆ. ಪೆಡಲ್ ನಡುಗಿತು.