ಎರಡು ಕೆಚ್ಚು: ಓದಲು ಮನಸ್ಸಾಗದ ದಿನದ ಮಾತು

"ಓದಾಕ ಮನಸ್ಸ ಆಗವಲ್ದ್ರೀ ಸರ್."

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಯಾವ ಶಾಲೆಗೆ ಹೋಗಿ ಹತ್ತನೇ ತರಗತಿಯ ಮಕ್ಕಳ ನಡುವೆ ಕೂತರೂ ಅರ್ಧ ಗಂಟೆಯೊಳಗೆ ಈ ಮಾತು ಬರುತ್ತದೆ. ಒಬ್ಬರು ಬಾಯಿಬಿಟ್ಟು ಹೇಳಿದರೆ ಸಾಕು, ಉಳಿದವರೆಲ್ಲ ತಲೆಯಾಡಿಸುತ್ತಾರೆ. ಮಾತನ್ನು ಇನ್ನೊಮ್ಮೆ ಕೇಳಿ ನೋಡಿ. "ನಾ ಓದೂದಿಲ್ಲ" ಎಂದು ಯಾರೂ ಅನ್ನುವುದಿಲ್ಲ. ಮನಸ್ಸು ಆಗವಲ್ದು. ಜೂನಿನಲ್ಲಿ ಇವರ ಅಪ್ಪಂದಿರು ಮುಗಿಲು ನೋಡುತ್ತ ಹೇಳುವುದೂ ಇದೇ ಕ್ರಿಯಾಪದದಲ್ಲಿ: ಮಳೆ ಆಗವಲ್ದು. ಮನಸ್ಸೂ ಮಳೆಯ ಹಾಗೆ ತಾನಾಗಿ ಆಗಬೇಕು, ಅದು ಆಗುವವರೆಗೆ ಕಾಯಬೇಕು, ಆದ ಮೇಲೆ ಬಿತ್ತಬೇಕು. ಈ ಅಧ್ಯಾಯದಲ್ಲಿ ನಾನು ಎದುರಿಸಬೇಕಾದ ತಪ್ಪು ತಿಳಿವಳಿಕೆ ಪೂರ್ತಿಯಾಗಿ ಆ ಒಂದು ಕ್ರಿಯಾಪದದಲ್ಲಿ ಕೂತಿದೆ.

ಮೊದಲು ಪರಿಭಾಷೆ ಮುಗಿಸೋಣ. ಕೆಲಸವೊಂದನ್ನು ಹಿಡಿಯುವಂತೆ, ಹಿಡಿದದ್ದನ್ನು ಬಿಡದಂತೆ ಮಾಡುವ ಒತ್ತಾಸೆಗೆ ಪ್ರೇರಣೆ ಎನ್ನುತ್ತಾರೆ. ಅಂಕ, ಮನೆಯವರ ಬೈಗುಳ, ನಪಾಸಾಗುವ ಅಂಜಿಕೆ ಇವೆಲ್ಲ ಹೊರಗಿನ ಪ್ರೇರಣೆ. ವಿಷಯದ ರುಚಿ ಒಳಗಿನದು. ಓದುವುದನ್ನು ನಾಳೆಗೆ ತಳ್ಳುವುದು ಮುಂದೂಡಿಕೆ. ಇದನ್ನು ಸೋಮಾರಿತನ ಎಂದು ಬೈಯುವುದು ವಾಡಿಕೆ. ಆದರೆ ಮುಂದೂಡುವ ಹುಡುಗ ಆ ಹೊತ್ತಿನಲ್ಲಿ ಸೈಕಲ್ ಒರೆಸುತ್ತಾನೆ, ದನಕ್ಕೆ ನೀರು ಕುಡಿಸುತ್ತಾನೆ, ಕಪಾಟು ಜೋಡಿಸುತ್ತಾನೆ. ಸೋಮಾರಿ ಇಷ್ಟೆಲ್ಲ ಮಾಡುವುದಿಲ್ಲ. ಫ್ಯೂಶಾ ಸಿರೋಯಿಸ್ ಮತ್ತು ಟಿಮೊತಿ ಪಿಚಿಲ್ ಎಂಬ ಮನೋವಿಜ್ಞಾನಿಗಳು 2013ರಲ್ಲಿ ಇದನ್ನು ಸ್ಪಷ್ಟವಾಗಿ ಮಂಡಿಸಿದರು: ಮುಂದೂಡುವವನು ತಪ್ಪಿಸಿಕೊಳ್ಳುವುದು ಕೆಲಸದಿಂದಲ್ಲ, ಕೆಲಸ ನೆನೆದಾಗ ಹೊಟ್ಟೆಯಲ್ಲಿ ಏಳುವ ಕಸಿವಿಸಿಯಿಂದ. ಪುಸ್ತಕ ಮುಚ್ಚಿದ ಕೂಡಲೇ ಆ ಕಸಿವಿಸಿ ಇಳಿಯುತ್ತದೆ. ಆ ಸಮಾಧಾನದ ರುಚಿ ಹತ್ತಿದವನು ಮರುದಿನವೂ ಮುಚ್ಚುತ್ತಾನೆ.

ಇನ್ನು ನನಗೆ ಪ್ರಿಯವಾದ ಭಾಗಕ್ಕೆ ಬರುತ್ತೇನೆ.

ಎಮಿಲ್ ಕ್ರೇಪೆಲಿನ್ ಎಂಬ ಜರ್ಮನಿಯ ಮನೋವೈದ್ಯರು ಮಾನಸಿಕ ರೋಗಗಳನ್ನು ವಿಂಗಡಿಸಿದವರೆಂದು ಪ್ರಸಿದ್ಧರು. ಅವರ ಇನ್ನೊಂದು ಕೆಲಸ ಅಷ್ಟಾಗಿ ಗೊತ್ತಿಲ್ಲ. ಜನರನ್ನು ಕೂರಿಸಿ ಒಂದಂಕಿ ಸಂಖ್ಯೆಗಳನ್ನು ಕೂಡಿಸುತ್ತ ಹೋಗಲು ಹೇಳಿ, ಹೊತ್ತು ಕಳೆದಂತೆ ವೇಗ ಹೇಗೆ ಏರಿಳಿಯುತ್ತದೆ ಎಂದು ಅವರು ಅಳೆದರು. 1902ರಲ್ಲಿ ಅದನ್ನು ಕೆಲಸದ ಗೆರೆಯೆಂದು ಚಿತ್ರಿಸಿದರು. ಅಭ್ಯಾಸದಿಂದ ವೇಗ ಏರುತ್ತದೆ, ದಣಿವಿನಿಂದ ಇಳಿಯುತ್ತದೆ, ಇದು ಯಾರಿಗಾದರೂ ಗೊತ್ತು. ಅದರೊಳಗೆ ಅವರು ಮೂರನೆಯದೊಂದನ್ನು ಗುರುತಿಸಿದರು: ಕೆಲಸದಲ್ಲಿ ತೊಡಗಿದ್ದರಿಂದಲೇ ಹುಟ್ಟುವ ಹುರುಪು. ಅದು ಶುರುವಿಗೆ ಮೊದಲು ಇರುವುದಿಲ್ಲ. ಕೂಡಿಸುತ್ತ ಕೂಡಿಸುತ್ತ ಬರುತ್ತದೆ. ನಡುವೆ ದೀರ್ಘ ಬಿಡುವು ಕೊಟ್ಟರೆ ದಣಿವು ಆರುತ್ತದೆ, ಅದರ ಜೊತೆಗೆ ಆ ಹುರುಪೂ ಆರಿಹೋಗುತ್ತದೆ. ನಮ್ಮ ಒಕ್ಕಲಿಗರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಮುಂಜಾನೆ ಮೊದಲ ಸಾಲು ಹೊಡೆಯುವ ಎತ್ತು ಮೂರನೆಯ ಸಾಲಿಗೆ ಬೇರೆಯೇ ಎತ್ತಾಗಿರುತ್ತದೆ.

ಅಂದರೆ ಮನಸ್ಸು ಆಗುವುದು ಪುಸ್ತಕ ತೆರೆದ ಮೇಲೆ. ಮೊದಲ ಹತ್ತು ನಿಮಿಷದ ಬೇಸರವನ್ನು ಮಕ್ಕಳು "ಇವತ್ತು ಆಗೂದಿಲ್ಲ" ಎಂಬ ತೀರ್ಪಿನಂತೆ ಓದುತ್ತಾರೆ. ಅದು ತೀರ್ಪಲ್ಲ, ಎತ್ತಿನ ಮೊದಲ ಸಾಲು.

ಇಲ್ಲಿಯೇ ನಮ್ಮ ಸೀಮೆಯ ಒಂದು ಪದದ ಬಗ್ಗೆ ಹೇಳಬೇಕು. ಅಕ್ಟೋಬರಿನ ಕಿತ್ತೂರು ಉತ್ಸವದಿಂದ ಹಿಡಿದು ಶಾಲೆಯ ವಾರ್ಷಿಕೋತ್ಸವದವರೆಗೆ ಎಲ್ಲ ಭಾಷಣಗಳಲ್ಲಿ ಕೆಚ್ಚು ಎಂಬ ಮಾತು ಕೇಳುತ್ತೇವೆ. ಕೇಳಲೇಬೇಕಾದ ಮಾತೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚನ್ನಮ್ಮನ ಪಡೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ ನೆಲವಿದು. ಬೈಲಹೊಂಗಲದಲ್ಲಿ ಚನ್ನಮ್ಮನ ಸಮಾಧಿಯ ಮುಂದೆ ನಿಂತಾಗಲೆಲ್ಲ ನನ್ನ ಮೈಯೂ ಜುಮ್ಮೆನ್ನುತ್ತದೆ. ಆದರೆ ಆ ಕೆಚ್ಚನ್ನೇ ದಿನನಿತ್ಯದ ಓದಿಗೂ ಅಳತೆಗೋಲು ಮಾಡಿದಾಗ ಹದಿನೈದರ ಮಗು ಕುಗ್ಗಿಬಿಡುತ್ತದೆ. ಬೀಜಗಣಿತದ ಮುಂದೆ ಕೂತಾಗ ಎದೆಯಲ್ಲಿ ಅಂಥದ್ದೇನೂ ಉಕ್ಕದಿದ್ದರೆ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತದೆ.

ಕೆಚ್ಚು ಎಂಬುದಕ್ಕೆ ಇನ್ನೊಂದು ಅರ್ಥವಿದೆ. ಅದನ್ನು ರಾಮದುರ್ಗದ ನೇಕಾರರ ಓಣಿಯಲ್ಲಿ ಕೇಳಬೇಕು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ನೇಕಾರ ಅದನ್ನು ಕೊನೆಯ ಎಳೆಯವರೆಗೂ ನೇಯ್ದು ಖಾಲಿ ಮಾಡುವುದಿಲ್ಲ. ಗೇಣಷ್ಟು ಹಾಸನ್ನು ಹಣಿಗೆಯಲ್ಲಿ ಹಾಗೇ ಬಿಡುತ್ತಾನೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಸೇರಿಸಿ, ಬೂದಿ ಹಚ್ಚಿಕೊಂಡ ಬೆರಳುಗಳಲ್ಲಿ ಹೊಸೆಯುತ್ತಾರೆ. ಇದೇ ಕೆಚ್ಚುವುದು. ಎಲ್ಲ ಎಳೆಗಳೂ ಸೇರಿದ ಮೇಲೆ ಹಳೆಯದನ್ನು ಮೆಲ್ಲಗೆ ಮುಂದಕ್ಕೆ ಎಳೆದರೆ ಹೊಸದು ಅದರ ಬೆನ್ನು ಹಿಡಿದು ಹಣಿಗೆಯ ಸಂದುಗಳಲ್ಲಿ ತೂರಿ ಬರುತ್ತದೆ. ಹಳೆಯದನ್ನು ಪೂರ್ತಿ ಕತ್ತರಿಸಿ ತೆಗೆದಿದ್ದರೆ ಸಾವಿರಾರು ಎಳೆಗಳನ್ನು ಮತ್ತೆ ಒಂದೊಂದಾಗಿ ಪೋಣಿಸಬೇಕಾಗುತ್ತಿತ್ತು.

ಓದಲು ಬೇಕಾದ ಕೆಚ್ಚು ಇದು.

ನಾವು ಮಕ್ಕಳಿಗೆ ಕಲಿಸಿರುವುದು ಇದಕ್ಕೆ ಉಲ್ಟಾ: ಪಾಠ ಮುಗಿಸಿಯೇ ಏಳು. ಮುಗಿಸಿ ಎದ್ದವನಿಗೆ ನಾಳೆ ಖಾಲಿ ಮಗ್ಗ. ಎಲ್ಲಿಂದ ಶುರು ಮಾಡಲಿ, ಯಾವ ವಿಷಯ ಹಿಡಿಯಲಿ ಎಂದು ತೀರ್ಮಾನಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ, ಆ ಅರ್ಧ ಗಂಟೆಯಲ್ಲೇ ಮೊಬೈಲ್ ಕೈಗೆ ಬರುತ್ತದೆ. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರ ಬಳಿ ಕಲಿಯುತ್ತಿದ್ದ ಇಬ್ಬರು ಮಹಿಳೆಯರು ಅರ್ಧಕ್ಕೆ ನಿಂತ ಕೆಲಸಗಳ ಬೆನ್ನು ಹತ್ತಿದರು. ಬ್ಲೂಮಾ ಝೈಗಾರ್ನಿಕ್ 1927ರಲ್ಲಿ, ಅರ್ಧಕ್ಕೆ ನಿಂತದ್ದು ಹೆಚ್ಚು ನೆನಪಿರುತ್ತದೆ ಎಂದರು. ಈ ಮಾತು ಬಹಳ ಪ್ರಸಿದ್ಧವಾಯಿತು, ಆದರೆ ಮುಂದಿನವರು ಪ್ರಯೋಗ ಮಾಡಿ ನೋಡಿದಾಗ ಗಟ್ಟಿಯಾಗಿ ನಿಲ್ಲಲಿಲ್ಲ. ಮರಿಯಾ ಓವ್ಸಿಯಾಂಕಿನಾ ಮರುವರ್ಷ ಹೇಳಿದ್ದಕ್ಕೆ ಅಷ್ಟು ಹೆಸರು ಬರಲಿಲ್ಲ. ಅರ್ಧಕ್ಕೆ ತಡೆದ ಕೆಲಸವನ್ನು ಜನ ಯಾರೂ ಹೇಳದಿದ್ದರೂ ತಾವಾಗಿಯೇ ಮತ್ತೆ ಕೈಗೆತ್ತಿಕೊಳ್ಳುತ್ತಾರೆ ಎಂಬುದು ಅವರು ಕಂಡದ್ದು. ಬಾಳಿಕೆ ಬಂದದ್ದು ಇವರ ಮಾತೇ. ನಮ್ಮ ವಿಷಯಕ್ಕೆ ಬೇಕಾದದ್ದೂ ಅದೇ.

ಇದನ್ನೆಲ್ಲ ಶಾಲೆಯೊಂದರಲ್ಲಿ ಹೇಳಿ ಬಂದ ಮೇಲೆ ರಾಮದುರ್ಗದ ಕಡೆಯ ಒಂದು ನೇಕಾರರ ಮನೆಯ ಹುಡುಗಿ ಮುಂದಿನ ಸಲ ತನ್ನ ಗಣಿತದ ವಹಿ ತಂದು ತೋರಿಸಿದಳು. ಪ್ರತಿ ದಿನದ ಓದಿನ ಕೊನೆಯಲ್ಲಿ ಒಂದು ಹೊಸ ಲೆಕ್ಕ, ಅದರ ಎರಡು ಸಾಲು, ಆಮೇಲೆ "ಆದ್ದರಿಂದ" ಎಂದು ಬರೆದು ಪೆನ್ನು ಎತ್ತಿದ್ದಳು.

"ಯಾಕವಾ, ಇಲ್ಲಿಗ್ಯಾಕ ಬಿಟ್ಟಿ?"

"ಕೆಚ್ಚಾಕ ಎಳಿ ಬೇಕಲ್ರೀ ಸರ್."

ಮರುದಿನದ ಶಾಯಿ ಆ "ಆದ್ದರಿಂದ"ದ ಪಕ್ಕದಿಂದಲೇ ಮುಂದುವರಿದಿತ್ತು. ಇಷ್ಟು ವರ್ಷ ಈ ಪಾಠ ಹೇಳಿದ್ದಕ್ಕೆ ನನಗೆ ಸಿಕ್ಕ ದೊಡ್ಡ ಬಹುಮಾನ ಆ ವಹಿ.

ಸವದತ್ತಿಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರನ್ನೂ ನಾನು ಹೀಗೆಯೇ ಅರ್ಥ ಮಾಡಿಕೊಳ್ಳುತ್ತೇನೆ. ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದವರು. ಕನ್ನಡ, ಕನ್ನಡಿಗ ಎಂಬ ಹೆಸರು ಎಲ್ಲಿಂದ ಬಂತು, ಈ ನಾಡಿನ ಹಳೆಯ ಎಲ್ಲೆ ಯಾವುದು ಎಂಬ ಪ್ರಶ್ನೆಗಳು ಅವರ ಮಗ್ಗದಲ್ಲಿ ಎಂದೂ ಪೂರ್ತಿ ಖಾಲಿಯಾಗಲಿಲ್ಲ. ಒಂದು ಪುಸ್ತಕದ ತುದಿಗೆ ಇನ್ನೊಂದನ್ನು ಕೆಚ್ಚುತ್ತ ಹೋದರು. 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ವಯಸ್ಸು ಎಪ್ಪತ್ತು ದಾಟಿತ್ತು. ಅದೇ ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಓದುವವರಿಗೆ ಅನ್ನ, ಹಣ, ಸೂರು ಒದಗಿಸಬಲ್ಲ ದೊಡ್ಡವರು ನಮ್ಮಲ್ಲಿ ಆಗಿಹೋಗಿದ್ದಾರೆ. ಪುಸ್ತಕದ ಮುಂದೆ ಕೂರುವ ಆ ಮೊದಲ ಹತ್ತು ನಿಮಿಷವನ್ನು ಮಾತ್ರ ಯಾರೂ ದಾನ ಕೊಡಲಾರರು.

ಕೂರುವುದಾದರೂ ಯಾವಾಗ? ನಮ್ಮ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಪರೀಕ್ಷೆ ಮಾರ್ಚ್ ಹೊತ್ತಿಗೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲೇ ಹತ್ತಿ ಬಿಡಿಸುವುದು, ಕಡಲೆ ಕೀಳುವುದು, ಜೋಳದ ಸುಗ್ಗಿ. ಬನದ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳ ಸಾಲು, ಮನೆ ತುಂಬ ನೆಂಟರು. "ಏಳು ಗಂಟೆಗೆ ಓದುತ್ತೇನೆ" ಎಂಬ ವೇಳಾಪಟ್ಟಿ ಇಲ್ಲಿ ಮೂರು ದಿನವೂ ಉಳಿಯುವುದಿಲ್ಲ. ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ 1999ರಲ್ಲಿ ವಿವರಿಸಿದ ಉಪಾಯ ಇಂಥಲ್ಲಿ ಹೆಚ್ಚು ನಡೆಯುತ್ತದೆ: ಓದನ್ನು ಗಡಿಯಾರಕ್ಕೆ ಕಟ್ಟದೆ, ದಿನವೂ ತಪ್ಪದೆ ನಡೆಯುವ ಒಂದು ಘಟನೆಗೆ ಕಟ್ಟುವುದು. ಹಾಲು ಹಿಂಡಿದ ತಂಬಿಗೆ ಕೆಳಗಿಟ್ಟ ಕೂಡಲೇ ವಿಜ್ಞಾನದ ಪುಸ್ತಕ ತೆಗೆಯುತ್ತೇನೆ. ನೆಂಟರು ಬಂದರೂ, ಕರೆಂಟು ಹೋದರೂ ಎಮ್ಮೆ ಹಿಂಡುವುದು ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗಿ, ಶಾಲೆ ಮುಗಿಸಿ ಬಂದ ಮಗುವಿಗೆ ಓದಲು ಮನಸ್ಸಾಗದಿದ್ದರೆ ಅದಕ್ಕೆ ಬೇಕಾದದ್ದು ಊಟ ಮತ್ತು ನಿದ್ದೆ, ಪ್ರೇರಣೆಯ ಪಾಠವಲ್ಲ. ಓದಷ್ಟೇ ಅಲ್ಲ, ಆಟ, ಗೆಳೆಯರು, ಊಟ ಯಾವುದರಲ್ಲೂ ಎರಡು ವಾರ ಆಸಕ್ತಿಯೇ ಇಲ್ಲವಾದರೆ ವೈದ್ಯರಿಗೆ ತೋರಿಸಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಿಲ್ಲ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಅಂಥ ಮಗುವಿಗೆ "ಕೆಚ್ಚು ಬೇಕು" ಎಂದು ಹೇಳಬೇಡಿ, ಎರಡೂ ಅರ್ಥದಲ್ಲಿ.

ಈ ಅಧ್ಯಾಯದ ಪ್ರಯೋಗಗಳು ಬಹುಪಾಲು ಜರ್ಮನಿ, ಅಮೆರಿಕದ ವಿದ್ಯಾರ್ಥಿಗಳ ಮೇಲೆ ನಡೆದವು. ಹತ್ತಿ ಬಿಡಿಸಿ ಬಂದು ಓದಲು ಕೂರುವ ಮಗುವಿನ ಮೊದಲ ಹತ್ತು ನಿಮಿಷವನ್ನೂ ಯಾರಾದರೂ ಅಷ್ಟೇ ಶ್ರದ್ಧೆಯಿಂದ ಅಳೆಯಬೇಕು. ಶಿಕ್ಷಕರೇ, ಬಿ.ಎಡ್. ಓದುತ್ತಿರುವವರೇ, ಇದಕ್ಕೆ ಪ್ರಯೋಗಾಲಯ ಬೇಡ. ಒಂದು ವಹಿಯಲ್ಲಿ ನಾಲ್ಕು ಕಾಲಂ ಎಳೆದು ಮಕ್ಕಳ ಕೈಗೆ ಕೊಡಿ: ಯಾವ ಕೆಲಸದ ಬೆನ್ನಿಗೆ ಕೂತೆ, ಕೂರುವಾಗ ಮನಸ್ಸು ಹತ್ತರಲ್ಲಿ ಎಷ್ಟಿತ್ತು, ಹತ್ತು ನಿಮಿಷದ ಮೇಲೆ ಎಷ್ಟಾಯಿತು, ಏಳುವಾಗ ಎಳೆ ಬಿಟ್ಟೆಯೋ ಮುಗಿಸಿ ಎದ್ದೆಯೋ. ಬನದ ಹುಣ್ಣಿಮೆಗೆ ಶುರು ಮಾಡಿದರೆ ಪರೀಕ್ಷೆಯ ಹೊತ್ತಿಗೆ ನಾಲ್ಕೂ ತಾಲ್ಲೂಕಿನ ವಹಿಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡಬಹುದು. ಮೂರನೆಯ ಕಾಲಂ ಎರಡನೆಯದಕ್ಕಿಂತ ಮೇಲಿರುತ್ತದೋ ಇಲ್ಲವೋ ಎಂಬುದನ್ನು ಮೊದಲು ಎಣಿಸಿ.